ಸೋಡಿಯಂ ಬಾಟಲಿಯ ಬೂಚು

ಆಯುಧಪೂಜೆಯ ದಿನ ಬೆಳಿಗ್ಗೆ ನಾನು ನಮ್ಮ ಅಟೆಂಡರಿಗೆ ಹೇಳಿದ್ದು ಇಷ್ಟು: "ಒಂದೂ ಬಿಡಬ್ಯಾಡ್ರಿ. ತಕ್ಕಡಿಯಿಂದ ಹಿಡಿದು ಬಾಟ್ಲಿತನಕ ಎಲ್ಲಾ ತೊಳೀರಿ. ಪ್ರಿನ್ಸಿಪಾಲರು ಬಂದ್ರೆ ಅವರ ಮುಖ ಅದರಾಗೆ ಕಾಣ್ಬೇಕು."

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚನ್ನಗಿರಿಯ ಒಂದು ಖಾಸಗಿ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಹುಡುಗರಿಗೆ ಪ್ರಾಕ್ಟಿಕಲ್ ಮಾಡಿಸುವುದು, ದ್ರಾವಣ ತಯಾರಿಸುವುದು, ಕಪಾಟಿನ ಬೀಗದ ಕೈ ಇಟ್ಟುಕೊಳ್ಳುವುದು ನನ್ನ ಕೆಲಸ. ಯಾವುದನ್ನು ತೊಳೆಯಬಾರದು ಎಂದು ಹೇಳುವುದೂ ನನ್ನ ಕೆಲಸವೇ ಆಗಿತ್ತು. ಅದೊಂದನ್ನು ಅವತ್ತು ಮರೆತೆ.

ನಮ್ಮ ಕಡೆ ಆಯುಧಪೂಜೆಗೆ ತೊಳೆಯದ ವಸ್ತುವೇ ಇಲ್ಲ. ನೇಗಿಲು, ಕುಡುಗೋಲು, ಸೈಕಲ್ಲು, ಬಸ್ಸು, ದರ್ಜಿಯ ಕತ್ತರಿ ಎಲ್ಲಕ್ಕೂ ಸ್ನಾನ, ಎಲ್ಲಕ್ಕೂ ಕುಂಕುಮ. ನಮ್ಮ ಪ್ರಯೋಗಾಲಯದಲ್ಲಿ ಬ್ಯೂರೆಟ್ಟು, ಪಿಪೆಟ್ಟುಗಳೇ ಆಯುಧ. ಅವನ್ನೆಲ್ಲ ತೊಳೆದು ಉದ್ದ ಮೇಜಿನ ಮೇಲೆ ಸಾಲಾಗಿ ಜೋಡಿಸುವುದು ಅಟೆಂಡರರ ವರ್ಷದ ಸಂಭ್ರಮ. ಅವರು ಜಗಳೂರು ಕಡೆಯವರು, ನಲವತ್ತೈದರ ಆಸುಪಾಸು, ನನಗಿಂತ ಹದಿನೈದು ವರ್ಷ ದೊಡ್ಡವರು. ಹನ್ನೊಂದು ವರ್ಷದಿಂದ ಹಂಗಾಮಿ ನೌಕರಿ. ಅವರನ್ನು ಕಾಯಂ ಮಾಡುವ ಕಾಗದ ಆ ವರ್ಷ ಕೊನೆಗೂ ಆಡಳಿತ ಮಂಡಳಿಯ ಮುಂದೆ ಹೋಗಿತ್ತು.

ಸೋಡಿಯಂ ಬಗ್ಗೆ ಎರಡು ಮಾತು ಹೇಳಬೇಕು. ಅದೊಂದು ಲೋಹ, ಆದರೆ ಚಾಕುವಿನಲ್ಲಿ ಬೆಲ್ಲದ ಅಚ್ಚಿನಂತೆ ಕತ್ತರಿಸಬಹುದು. ನೀರು ತಗುಲಿದರೆ ಬುಸುಗುಟ್ಟುತ್ತದೆ, ಹೈಡ್ರೋಜನ್ ಅನಿಲ ಬಿಡುತ್ತದೆ, ತಾನೂ ಹೊತ್ತಿಕೊಳ್ಳುತ್ತದೆ. ಅದಕ್ಕೇ ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಬಿ.ಎಸ್ಸಿ. ಕೊನೆಯ ವರ್ಷದ ಹುಡುಗರಿಗೆ ಇದಿಲ್ಲದೆ ಗತಿಯಿಲ್ಲ. ಪರೀಕ್ಷೆಯಲ್ಲಿ ಕೊಟ್ಟ ಹೆಸರಿಲ್ಲದ ಪುಡಿಯಲ್ಲಿ ಸಾರಜನಕ ಇದೆಯೋ, ಗಂಧಕ ಇದೆಯೋ ತಿಳಿಯಬೇಕಾದರೆ ಕಡಲೆಕಾಳಿನಷ್ಟು ಸೋಡಿಯಮ್ಮಿನ ಜೊತೆ ಅದನ್ನು ಸಣ್ಣ ಗಾಜಿನ ನಳಿಕೆಯಲ್ಲಿ ಕಾಯಿಸಲೇಬೇಕು.

ಅಟೆಂಡರಿಗೆ ಇದೆಲ್ಲ ಗೊತ್ತಿತ್ತು. ಸೋಡಿಯಂ ತುಂಡುಗಳನ್ನು ಇಕ್ಕಳದಲ್ಲಿ ಎತ್ತಿ, ಸೀಮೆಎಣ್ಣೆ ತುಂಬಿದ ಪಿಂಗಾಣಿ ಬಟ್ಟಲಲ್ಲಿ ಇಟ್ಟು, ಖಾಲಿ ಬಾಟಲಿಯನ್ನು ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿದ್ದರು. ಬಿಸಿಲಿಗೆ ಬೋರಲು ಹಾಕಿದ್ದರು. ಅಷ್ಟರಲ್ಲಿ ಪೂಜೆಯ ಅಯ್ನೋರು ಬಂದೇಬಿಟ್ಟರು. ನಾನು ಅವಸರ ಮಾಡಿದೆ.

"ಒಳಗೆ ಇನ್ನೂ ಪಸೆ ಐತಲ್ಲ ಸಾರ್," ಅಂದರು ಅಟೆಂಡರು, ಬಾಟಲಿಯನ್ನು ಬೆಳಕಿಗೆ ಹಿಡಿದು.

"ಸೀಮೆಎಣ್ಣೆ ಹಾಕಿದ್ಮೇಲೆ ಎಂಥದೂ ಆಗಲ್ಲ ಬಿಡ್ರಿ. ತರ್ರಿ ಇಲ್ಲಿ."

ಬಾಟಲಿ ಅವರ ಕೈಯಿಂದ ಇಸಿದುಕೊಂಡು ತುಂಡುಗಳನ್ನು ಹಾಕಿ, ಸೀಮೆಎಣ್ಣೆ ಸುರಿದು, ಬೂಚನ್ನು ಅಂಗೈಯಿಂದ ಗುದ್ದಿ ಗುದ್ದಿ ಬಿಗಿದವನು ನಾನೇ. ಕುಂಕುಮ ಇಟ್ಟವನೂ ನಾನೇ. ನೀರು ಸೀಮೆಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಸೋಡಿಯಮ್ಮೂ ಸೀಮೆಎಣ್ಣೆಗಿಂತ ಭಾರ, ಅದೂ ತಳಕ್ಕೇ ಇಳಿಯುತ್ತದೆ. ಇಬ್ಬರೂ ತಳದಲ್ಲಿ ಭೇಟಿಯಾಗುತ್ತಾರೆ ಎಂಬುದನ್ನು ನಾನು ಹುಡುಗರಿಗೆ ಪಾಠ ಮಾಡಿದ್ದೆ. ಪಾಠ ಹುಡುಗರಿಗೆ ಅಂತ ತಿಳಿದಿದ್ದೆನೇ ಹೊರತು ನನಗೂ ಅಂತ ತಿಳಿದಿರಲಿಲ್ಲ.

ಅರ್ಧ ಗಂಟೆಯ ನಂತರ ಮಂಗಳಾರತಿಯ ಹೊತ್ತಿಗೆ ಬೂಚು ಪಟ್ಟೆಂದು ಹಾರಿ ಫ್ಯಾನಿನ ರೆಕ್ಕೆಗೆ ಬಡಿಯಿತು. ಯಾರೋ ಪಟಾಕಿ ಅಂದುಕೊಂಡು ನಕ್ಕರು. ಬಾಟಲಿ ಪಕ್ಕಕ್ಕೆ ಉರುಳಿ, ಮೇಜಿನಿಂದ ಕೆಳಗೆ ಬಿದ್ದು ಒಡೆಯಿತು. ನೆಲ ಆಗತಾನೆ ತೊಳೆದದ್ದು. ಅದರ ಮೇಲೆ ಒಡೆದ ತೆಂಗಿನಕಾಯಿಯ ನೀರು. ತುಂಡುಗಳು ಒಂದೊಂದೂ ಹಳದಿ ಜ್ವಾಲೆ ಹೊತ್ತು ನೆಲದ ಮೇಲೆ ಓಡಾಡಲು ಶುರುಮಾಡಿದವು, ಹರಿದ ಸೀಮೆಎಣ್ಣೆ ಹೊತ್ತಿತು. ಗಾಬರಿಯಲ್ಲಿ ಯಾರೋ ಒಂದು ಬಕೆಟ್ ನೀರು ಎರಚಿದರು. ಅಲ್ಲಿಗೆ ಮುಗಿಯಿತು ಕಥೆ ಅಂದುಕೊಂಡೆ.

ಮರಳಿನ ಬಕೆಟ್ಟುಗಳಿಗೆ ಓಡಿದೆ. ಬಕೆಟ್ಟುಗಳು ಥಳಥಳ ಹೊಳೆಯುತ್ತಿದ್ದವು, ಒಳಗೆ ಮರಳಿರಲಿಲ್ಲ. ಅವನ್ನೂ ತೊಳೆದು ಕುಂಕುಮ ಇಟ್ಟಿದ್ದರು. ಮರಳು ಹಿತ್ತಲಲ್ಲಿ ಗುಡ್ಡೆಯಾಗಿತ್ತು. ನಾನು ಅದನ್ನು ತುಂಬಿಕೊಂಡು ಬರುವಷ್ಟರಲ್ಲಿ ಅಡಿಕೆ ಗಾತ್ರದ ಒಂದು ತುಂಡು ಬುಸುಗುಟ್ಟುತ್ತ ಮರದ ಕಪಾಟಿನ ಕೆಳಗೆ ಸರಿದಿತ್ತು. ಆ ಕಪಾಟಿನಲ್ಲಿ ಸ್ಪಿರಿಟ್ಟು, ಈಥರು, ಬೆಂಕಿ ಹತ್ತಿದರೆ ಇಡೀ ಕಟ್ಟಡಕ್ಕೆ ಸಾಕಾಗುವಷ್ಟು. ಅಟೆಂಡರು ನೆಲಕ್ಕೆ ಮಕಾಡೆ ಮಲಗಿ, ತೋಳು ಒಳಗೆ ಹಾಕಿ, ಬರಿಗೈಯಲ್ಲಿ ಆ ತುಂಡನ್ನು ಹಿಡಿದೆಳೆದು ಕಿಟಕಿಯಾಚೆ ಎಸೆದರು. ನಾನು ಮರಳು ಸುರಿದೆ. ಬೆಂಕಿ ಆರಿತು.

ಅವರ ಬಲ ಅಂಗೈ, ತೋರುಬೆರಳು, ನಡುಬೆರಳು ಬೆಂದುಹೋಗಿದ್ದವು. ಅಂಟಿದ್ದ ಚೂರುಗಳನ್ನು ಇಕ್ಕಳದಿಂದ ತೆಗೆದು ಕೈಯನ್ನು ನಲ್ಲಿಯ ಕೆಳಗೆ ಹಿಡಿದೆ. ಅವರು ಒಂದೇ ಮಾತು ಕೇಳಿದರು: "ಕಪಾಟಿಗೆ ಏನೂ ಆಗ್ಲಿಲ್ಲ ಹೌದಲ್ರೀ ಸಾರ್?"

ರಜೆ ಮುಗಿದ ಮೇಲೆ ಪ್ರಿನ್ಸಿಪಾಲರು ಇಬ್ಬರಿಂದಲೂ ಬೇರೆಬೇರೆಯಾಗಿ ಹೇಳಿಕೆ ಬರೆಸಿಕೊಂಡರು. ನಾನು ಬರೆದ ವಾಕ್ಯ ಹೀಗಿತ್ತು: "ಬಾಟಲಿಯನ್ನು ಅಟೆಂಡರು ತೊಳೆದಿದ್ದು, ಅದು ಪೂರ್ತಿ ಒಣಗಿರಲಿಲ್ಲವೆಂದು ತೋರುತ್ತದೆ." ಒಂದೊಂದು ಪದವೂ ನಿಜ. ಸುಳ್ಳು ಬರೆಯದೆಯೇ ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ನನಗೆ ಅವತ್ತು ಗೊತ್ತಾಯಿತು. ತೊಳೆಯಲು ಹೇಳಿದ್ದು, ಪಸೆ ಇದೆ ಎಂದು ಅವರು ಎಚ್ಚರಿಸಿದ್ದು, ಬೂಚು ಗುದ್ದಿದ್ದು ಯಾವುದೂ ಅದರಲ್ಲಿರಲಿಲ್ಲ. ಆ ವರ್ಷ ನನ್ನನ್ನು ಉಪನ್ಯಾಸಕನಾಗಿ ತೆಗೆದುಕೊಳ್ಳುವ ಮಾತು ನಡೆದಿತ್ತು. ಹೆದರಿದೆ, ಅಷ್ಟೇ.

ವಾರದೊಳಗೆ ಎರಡು ತೀರ್ಮಾನ ಬಂದವು. ಒಂದು, ಇನ್ನು ಕಾಲೇಜಿನೊಳಗೆ ಸೋಡಿಯಂ ಕೂಡದು. ಎರಡು, ಅಟೆಂಡರನ್ನು ಕಾಯಂ ಮಾಡುವ ಕಾಗದ ಅಲ್ಲಿಗೇ ನಿಂತಿತು. ಮಾರ್ಚ್ ಕೊನೆಗೆ ಅವರನ್ನು ಕೆಲಸದಿಂದ ಬಿಡುಗಡೆ ಮಾಡುವುದು. ಎರಡನೆಯದರ ಬಗ್ಗೆ ನಾನು ತುಟಿ ಬಿಚ್ಚಲಿಲ್ಲ. ಮೊದಲನೆಯದರ ಬಗ್ಗೆ ಜೋರಾಗಿ ಮಾತಾಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಬೇರೆ ಏನು ಮಾಡಿಯಾನು?

"ಸೋಡಿಯಂ ಇಲ್ದೆ ಹುಡುಗರು ಪರೀಕ್ಷೆ ಹೆಂಗೆ ಬರೀತಾರೆ ಸಾರ್?" ಅಂದೆ.

ಪ್ರಿನ್ಸಿಪಾಲರು ಕನ್ನಡಕ ತೆಗೆದಿಟ್ಟರು. ಅವರು ಇತಿಹಾಸದ ಮೇಷ್ಟ್ರು, ಬೆಂಕಿಯನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದವರು. "ಜನವರಿತನಕ ಟೈಮ್ ಕೊಡ್ತೀನ್ರೀ. ಅಪಾಯ ಇಲ್ದಂಗೆ ಮಾಡಿ ನನ್ನ ಕಣ್ಣೆದುರಿಗೆ ತೋರಿಸ್ರಿ. ಇಲ್ಲಾಂದ್ರೆ ಆ ಪ್ರಶ್ನೆ ಬಿಟ್ಟು ಬರೀಲಿ."

ಬಿಟ್ಟು ಬರೆದರೆ ಫೇಲು. ಕೆರೆಬಿಳಚಿಯಿಂದ, ತ್ಯಾವಣಿಗೆಯಿಂದ ಸೈಕಲ್ಲಿನಲ್ಲಿ, ಬಸ್ಸಿನಲ್ಲಿ ಬರುತ್ತಿದ್ದ ಇಪ್ಪತ್ತೆರಡು ಹುಡುಗರು ಆ ತರಗತಿಯಲ್ಲಿದ್ದರು.

ಮೊದಲು ಉಳಿದದ್ದನ್ನು ತೀರಿಸಬೇಕಿತ್ತು. ಮರಳಿನಿಂದ ಹೆಕ್ಕಿದ ತುಂಡುಗಳಿಗೆ ಬಿಳಿ ಹೊಪ್ಪಳಿಕೆ ಕಟ್ಟಿತ್ತು, ಅವು ಉಪಯೋಗಕ್ಕಿಲ್ಲ. ಹಿತ್ತಲಿನಲ್ಲಿ ಒಂದೊಂದೇ ಚೂರನ್ನು, ಬೆಂಕಿಯಿಲ್ಲದೆ ಅದನ್ನು ನಿಧಾನವಾಗಿ ಕರಗಿಸುವ ಸ್ಪಿರಿಟ್ಟಿಗೆ ಹಾಕಿ, ಗುಳ್ಳೆ ನಿಂತ ಮೇಲೆ ಮುಂದಿನದು. ಅವಸರ ಮಾಡುವ ಹಾಗಿಲ್ಲ. ಇಡೀ ಬೆಳಗು ಹಿಡಿಯಿತು. ಅವಸರ ಮಾಡದೆ ಕೆಲಸ ಮಾಡುವುದನ್ನು ನಾನು ಕಲಿತದ್ದು ಅಲ್ಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ.

ಹೊಸ ಸೋಡಿಯಮ್ಮಿಗಾಗಿ ಹೊನ್ನಾಳಿಗೆ ಹೋದೆ. ಅಲ್ಲಿನ ಕಾಲೇಜಿನ ರಸಾಯನಶಾಸ್ತ್ರದ ಹಿರಿಯ ಉಪನ್ಯಾಸಕರು ನನ್ನ ಕಥೆಯನ್ನೆಲ್ಲ ಕೇಳಿದರು. ಅವರಿಗೆ ಹೇಳಿದ ಕಥೆಯಲ್ಲೂ ಬೂಚು ಗುದ್ದಿದ ಭಾಗ ಇರಲಿಲ್ಲ.

"ಬಾಟ್ಲಿ ದೊಡ್ಡದಾದಷ್ಟೂ ಬೆಂಕಿನೂ ದೊಡ್ಡದು," ಅಂದರು ಅವರು. "ಹುಡುಗನ ಕೈಗೆ ಬಾಟ್ಲಿ ಯಾಕ್ರೀ ಕೊಡ್ತೀರಿ? ಒಬ್ಬನಿಗೆ ಒಂದು ಕಾಳು ಕೊಡ್ರಿ. ಒಂದು ಕಾಳು ಹೊತ್ತಿದ್ರೂ ಮನೆ ಸುಡಲ್ಲ. ಕಾಳಿಗೆ ಕ್ಯಾಂಡಲ್ ಮೇಣ ಹಚ್ಚಿ ಇಡಬಹುದು ಅಂತ ನಮ್ಮ ಮೇಷ್ಟ್ರು ಒಬ್ರು ಹೇಳ್ತಿದ್ರು. ನಾನು ಮಾಡಿ ನೋಡಿಲ್ಲ. ಮಾಡಿ ನೋಡ್ರಿ, ಆದ್ರೆ ನನಗೂ ಹೇಳ್ರಿ."

ಹೆಬ್ಬೆರಳು ಗಾತ್ರದ ನಾಲ್ಕು ತುಂಡು ಕೊಟ್ಟರು. ಸೀಮೆಎಣ್ಣೆಯ ಡಬ್ಬಿ, ಡಬ್ಬಿಯ ಸುತ್ತ ಒಣಮರಳು, ಅದರ ಹೊರಗೆ ನನ್ನ ಟಿಫನ್ ಕ್ಯಾರಿಯರ್. ಬಸ್ಸಿನಲ್ಲಿ ಕಂಡಕ್ಟರ್ ಮೂಗು ಅರಳಿಸಿ, "ಏನ್ರೀ ಮೇಷ್ಟ್ರೇ, ಊಟದಾಗೆ ಸೀಮೆಎಣ್ಣೆ ವಾಸ್ನೆ ಬರ್ತೈತೆ?" ಅಂದ. "ಮನೇಲಿ ಜಗಳ," ಅಂದೆ. ಬಸ್ಸೆಲ್ಲ ನಕ್ಕಿತು. ಕ್ಯಾರಿಯರನ್ನು ಮಾತ್ರ ಊರು ಬರುವತನಕ ತೊಡೆಯ ಮೇಲಿಂದ ಇಳಿಸಲಿಲ್ಲ.

ಕೆಲಸ ಶುರುವಾಯಿತು. ಸೀಮೆಎಣ್ಣೆಯೊಳಗೇ ಕತ್ತರಿಸಿ ಕಾಳು ಮಾಡುವುದು, ಸೋಸುವ ಕಾಗದದಲ್ಲಿ ಒತ್ತಿ ಒರೆಸುವುದು, ಕರಗಿದ ಮೇಣದಲ್ಲಿ ಅದ್ದುವುದು. ಹೇಳಲಿಕ್ಕೆ ಮೂರೇ ಮಾತು. ಅಟೆಂಡರು ಕೈಗೆ ಬಿಳಿ ಪಟ್ಟಿ ಸುತ್ತಿಕೊಂಡು ದಿನಾ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಬರಬೇಡಿ ಅಂದರೂ ಕೇಳಲಿಲ್ಲ. ಮೊದಲ ದಿನವೇ ನಾನು ಅಭ್ಯಾಸಬಲದಿಂದ ಅಗಲವಾದ ಪಾತ್ರೆಯಲ್ಲಿ ನೀರು ಕುದಿಸಿ, ಅದರ ಮೇಲೆ ಮೇಣದ ಬಟ್ಟಲು ಇಟ್ಟು, ಸೋಡಿಯಂ ಹಿಡಿದ ಇಕ್ಕಳವನ್ನು ಅದರತ್ತ ಒಯ್ಯುತ್ತಿದ್ದೆ.

"ಸಾರ್," ಅಂದರು ಸ್ಟೂಲಿನಿಂದ. "ಕೆಳಗೆ ನೀರೈತೆ."

ಕೈ ಅಲ್ಲೇ ನಿಂತಿತು. ಇಕ್ಕಳ ಜಾರಿದ್ದರೆ ಎರಡನೇ ಆಯುಧಪೂಜೆ ಆಗುತ್ತಿತ್ತು. ಅವತ್ತಿನಿಂದ ಮೇಣ ಕಾಯಿಸುವುದು ಮರಳಿನ ಮೇಲೆ. ಸೋಡಿಯಂ ಹೊರಗಿದ್ದಷ್ಟು ಹೊತ್ತು ಕೋಣೆಯೊಳಗೆ ನೀರಿನ ಲೋಟವೂ ಇಲ್ಲ. ಬಾಯಾರಿದರೆ ಹೊರಗೆ ಹೋಗಿ ಕುಡಿಯಬೇಕು.

ಮೊದಲ ಸಲದ ಕಾಳುಗಳು ನಾಲ್ಕೇ ದಿನಕ್ಕೆ ಬೆಳ್ಳಗಾದವು. ಮೇಲೆ ಉಳಿದ ಸೀಮೆಎಣ್ಣೆಯ ಜಿಡ್ಡಿಗೆ ಮೇಣ ಕಚ್ಚಿರಲಿಲ್ಲ. ಬೇಗ ಆರುವ ಪೆಟ್ರೋಲಿಯಂ ಈಥರಿನಲ್ಲಿ ಒಮ್ಮೆ ಜಾಲಾಡಿ ಅದ್ದತೊಡಗಿದೆ. ಆಗ ಇಕ್ಕಳ ಹಿಡಿದ ಜಾಗದಲ್ಲಿ ತೂತು ಉಳಿಯಿತು. ಒಮ್ಮೆ ಅದ್ದಿ, ತಿರುಗಿಸಿ ಹಿಡಿದು ಇನ್ನೊಮ್ಮೆ ಅದ್ದಿದೆ. ಕಾಳುಗಳು ಮುತ್ತಿನಂತೆ ಬಂದವು, ನಾನು ಕುಣಿದಾಡಿದೆ. ಡಿಸೆಂಬರಿನ ಮೊದಲ ಚಳಿಗೆ ಬೆಳಿಗ್ಗೆ ಬಂದು ನೋಡಿದರೆ ಒಂದೊಂದರ ಮೈಮೇಲೂ ಕೂದಲೆಳೆಯಷ್ಟು ಬಿರುಕು. ಚಳಿಗೆ ಮೇಣ ಕುಗ್ಗುತ್ತದೆ, ಒಳಗಿನ ಕಾಳು ಅಷ್ಟು ಕುಗ್ಗುವುದಿಲ್ಲ. ಡಬ್ಬಿಯನ್ನು ಮೇಜಿಗೆ ಕುಕ್ಕಿದೆ. ಸಿಟ್ಟು ನನ್ನ ಹುಟ್ಟುಗುಣ.

"ಸಾಕ್ರೀ ಇದು. ಹುಡುಗರು ಫೇಲಾದ್ರೆ ಆಗ್ಲಿ," ಅಂದೆ.

ಅಟೆಂಡರು ಎದ್ದು ಮನೆಗೆ ಹೋದರು. ಮಧ್ಯಾಹ್ನ ಬಂದಾಗ ಜೊತೆಗೆ ಅವರ ಹೆಂಡತಿ ಇದ್ದರು. ಆಕೆ ನ್ಯಾಮತಿ ಹತ್ತಿರದ ಗೋವಿನಕೋವಿಯವರು. ಗಂಡನ ಕೈ ಬೆಂದ ಮೇಲೆ ನಾನು ಅವರ ಮನೆಗೆ ಎರಡು ಸಲ ಹೋಗಿದ್ದೆ, ಆಕೆಯ ಮುಖ ನೋಡುವ ಧೈರ್ಯವಾಗದೆ ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಬಂದಿದ್ದೆ. ಈಗ ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಪುಟ್ಟ ಹಿತ್ತಾಳೆ ಭರಣಿ ಮೇಜಿನ ಮೇಲಿಟ್ಟರು.

"ಮೇಣ ಒಡೀತೈತೆ ಅಂದ್ರಂತೆ," ಅಂದರು. "ನಮ್ದು ಒಡಿಯಾಕಿಲ್ಲ ನೋಡ್ರಿ."

ಅದು ಹಣೆಗೆ ಹಚ್ಚುವ ಮೇಣ. ಕುಂಕುಮ ಉದುರದಿರಲಿ ಎಂದು ಹೆಂಗಸರು ಮೊದಲು ಹಣೆಗೆ ಒಂದು ಚುಕ್ಕೆ ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡುತ್ತಿದ್ದ ಕಾಲ ಅದು. ನನ್ನ ತಾಯಿಯೂ ಹಾಗೇ ಇಡುತ್ತಿದ್ದರು. ದಿನಾ ನೋಡಿದ ವಸ್ತುವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಉಗುರಿನಿಂದ ಗೀರಿದೆ. ಮೆತ್ತಗೆ ಎದ್ದು ಬಂತು, ಬಿರುಕು ಬಿಡಲಿಲ್ಲ.

"ಏನು ಹಾಕ್ತೀರಮ್ಮ ಇದಕ್ಕೆ?"

"ಜೇನುಮೇಣ. ಬರೀ ಅದೇ ಆದ್ರೆ ಚಳಿಗೆ ಒಡೀತೈತೆ. ಅದ್ಕೆ ಕರಗ್ಸುವಾಗ ನಾಕು ಹನಿ ಕೊಬ್ರಿ ಎಣ್ಣೆ ಬಿಡ್ತೀವಿ. ಬ್ಯಾಸಿಗೆಗೆ ಎರಡೇ ಹನಿ."

ಆಕೆಯ ಭರಣಿಯ ಮೇಣದಲ್ಲೇ ಎರಡು ಕಾಳು ಅದ್ದಿದೆ. ಬಿರುಕು ಬರಲಿಲ್ಲ, ಆದರೆ ಮರುದಿನಕ್ಕೆ ಕಾಳಿನ ಸುತ್ತ ಸಣ್ಣ ಗುಳ್ಳೆಗಳು, ಸಾಬೂನಿನಂಥ ಜಿಗುಟು. ಜೇನುಮೇಣದಲ್ಲಿ, ಕೊಬ್ಬರಿ ಎಣ್ಣೆಯಲ್ಲಿ ಆಮ್ಲದ ಅಂಶವಿರುತ್ತದೆ, ಸೋಡಿಯಂ ಅದನ್ನು ತಿನ್ನುತ್ತದೆ. ವಸ್ತು ಬೇರೆ ಬೇಕು, ಉಪಾಯ ಮಾತ್ರ ಆಕೆಯದೇ ಸರಿ. ಕ್ಯಾಂಡಲ್ ಮೇಣವೂ ವ್ಯಾಸಲೀನೂ ಒಂದೇ ಕುಲದವು, ಎರಡರ ತಂಟೆಗೂ ಸೋಡಿಯಂ ಹೋಗುವುದಿಲ್ಲ. ಹತ್ತು ಚಮಚ ಮೇಣಕ್ಕೆ ಒಂದು ಚಮಚ ವ್ಯಾಸಲೀನ್ ಹಾಕಿದರೆ ಬಿರುಕು ಬಂತು, ಮೂರು ಹಾಕಿದರೆ ಅಂಟಂಟಾಯಿತು. ಎರಡಕ್ಕೆ ಸರಿಹೋಯಿತು.

ಉಳಿದದ್ದು ಒಂದೇ ತೊಡಕು. ಮೇಣದ ಸಮೇತ ಕಾಳನ್ನು ನಳಿಕೆಗೆ ಹಾಕಿ ಕಾಯಿಸಿದರೆ ಮೇಣ ಹೊತ್ತಿ ಕರೀ ಹೊಗೆ ಬರುತ್ತಿತ್ತು, ಹುಡುಗರು ಹೆದರುತ್ತಿದ್ದರು. ಇದನ್ನು ಅಟೆಂಡರು ಬಿಡಿಸಿದರು. ಎಡಗೈಯಲ್ಲಿ ಒಂದು ಕಾಳನ್ನು ಸೋಸುವ ಕಾಗದದಲ್ಲಿ ಸುತ್ತಿ ಹಿಡಿದು, ಚಾಕುವಿನಿಂದ ಮೇಣದ ತುದಿ ಕೊಯ್ದು, ಎರಡು ಬೆರಳಲ್ಲಿ ಒತ್ತಿದರು. ನೆನೆಸಿದ ಅವರೆಕಾಳು ಹಿತುಕಿದ ಹಾಗೆ ಹೊಳೆಯುವ ಸೋಡಿಯಂ ನಳಿಕೆಯೊಳಕ್ಕೆ ಚಿಮ್ಮಿತು. ಮೇಣದ ಸಿಪ್ಪೆ ಕಾಗದದಲ್ಲಿ ಉಳಿಯಿತು, ಅದನ್ನು ಸ್ಪಿರಿಟ್ಟಿಗೆ ಹಾಕಿದರಾಯಿತು. ಮೆತ್ತಗಿನ ಮೇಣವಾದ್ದರಿಂದಲೇ ಅದು ಸಾಧ್ಯವಾಯಿತು.

ಜನವರಿಯಲ್ಲಿ ಪ್ರಿನ್ಸಿಪಾಲರ ಕೋಣೆಯಲ್ಲಿ, ಅವರದೇ ಮೇಜಿನ ಮೇಲೆ, ಅವರದೇ ನೀರಿನ ಲೋಟದಲ್ಲಿ ಒಂದು ಮೇಣದ ಕಾಳು ಹಾಕಿದೆ. ಅವರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. ಕಾಳು ಸುಮ್ಮನೆ ತೇಲಿತು. ಕಾಲು ಗಂಟೆ ಕಾದೆವು. ನಂತರ ಅದನ್ನು ಎತ್ತಿ ಒರೆಸಿ, ಕೊಯ್ದು ಹಿತುಕಿ, ಹಿತ್ತಲಿನಲ್ಲಿ ನೀರಿನ ಬಾಣಲೆಗೆ ಹಾಕಿ, ಒಳಗಿದ್ದದ್ದು ನಿಜವಾದ ಸೋಡಿಯಮ್ಮೇ ಎಂದು ತೋರಿಸಿದೆ. ಅದು ಸುಯ್ಯೆಂದು ಓಡಾಡಿ ಕರಗಿತು. ಪ್ರಿನ್ಸಿಪಾಲರು ಮಗುವಿನಂತೆ ನಕ್ಕರು.

ಒಳಗೆ ಬಂದು ಕುಳಿತ ಮೇಲೆ, "ಶಹಬ್ಬಾಸ್ ಕಣ್ರೀ," ಅಂದರು. "ಆ ಮನುಷ್ಯ ಮಾಡಿದ ಹಾಳು ಕೆಲಸಕ್ಕೆ ನೀವು ದಾರಿ ಹುಡುಕಿದ್ರಿ. ಉಪನ್ಯಾಸಕರ ಹುದ್ದೆಗೆ ನಿಮ್ಮ ಹೆಸರು ಈ ವಾರನೇ ಬರೀತೀನಿ. ಅವನೂ ಪಾಪ, ತಪ್ಪೆಲ್ಲ ಒಪ್ಕೊಂಡಾನೆ. ನೋಡ್ರಿ ಬೇಕಾದ್ರೆ."

ಕಡತದಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಅಟೆಂಡರ ಹೇಳಿಕೆ. ಬಲಗೈಗೆ ಪಟ್ಟಿ ಇದ್ದಾಗ ಎಡಗೈಯಲ್ಲಿ ಬರೆದದ್ದು, ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಆರು ಸಾಲು. ಬಾಟಲಿ ನಾನೇ ತೊಳೆದೆ. ಒಣಗುವ ಮೊದಲೇ ಸೋಡಿಯಂ ನಾನೇ ತುಂಬಿದೆ. ಬೂಚು ನಾನೇ ಬಿಗಿದೆ. ಆ ಹೊತ್ತಿಗೆ ಡೆಮಾನ್‌ಸ್ಟ್ರೇಟರ್ ಸಾಹೇಬರು ಒಳಗಿರಲಿಲ್ಲ. ಅವರಿಗೆ ಈ ವಿಷಯ ಗೊತ್ತಿಲ್ಲ. ತಪ್ಪು ನನ್ನದೇ.

ಮೂರು ತಿಂಗಳು ಆ ಮನುಷ್ಯ ನನ್ನ ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದರು. ನೀರಿನ ಮೇಲಿಂದ ನನ್ನ ಕೈ ತಪ್ಪಿಸಿದ್ದರು. ಹೆಂಡತಿಯ ಭರಣಿ ತರಿಸಿದ್ದರು. ಇದನ್ನು ಬರೆದ ಮೇಲೆ ಅದೆಲ್ಲ ಮಾಡಿದ್ದರು. ನಾಚಿಕೆಗೂ ನೋವಿರುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

"ಇದು ಸುಳ್ಳು ಸಾರ್," ಅಂದೆ.

"ಯಾವುದ್ರೀ?"

"ಇದರಲ್ಲಿ ಮೊದಲನೇ ಸಾಲು ಬಿಟ್ರೆ ಎಲ್ಲಾ ಸುಳ್ಳು. ತೊಳೀರಿ ಅಂದೋನು ನಾನು. ಪಸೆ ಐತೆ ಅಂತ ಅವರು ಹೇಳಿದ್ರು, ಬಿಡ್ರಿ ಅಂದೋನು ನಾನು. ತುಂಬಿದ್ದು, ಬೂಚು ಬಿಗಿದಿದ್ದು ಈ ಕೈಲಿ. ಕಪಾಟಿನ ಕೆಳಗಿಂದ ಬೆಂಕಿ ತೆಗೆದಿದ್ದು ಮಾತ್ರ ಅವರು. ಅದನ್ನ ನಾವಿಬ್ರೂ ಬರೆದಿಲ್ಲ."

ಪ್ರಿನ್ಸಿಪಾಲರು ಆ ಹಾಳೆಯನ್ನು ಮತ್ತೆ ಕಡತದೊಳಗೆ ಸೇರಿಸಿದರು. ಆಮೇಲೆ, "ಇದನ್ನ ನಾನು ಕೇಳಿಲ್ಲ ಅಂತ ಇಟ್ಕೊಳ್ಳಾಣ. ಯೋಚನೆ ಮಾಡ್ರಿ. ಬರೆದುಕೊಟ್ರೆ ನಿಮ್ಮ ಹುದ್ದೆ ಹೋಗ್ತೈತೆ," ಅಂದರು. ಕೆಟ್ಟವರಲ್ಲ ಅವರು, ನನ್ನ ಒಳ್ಳೆಯದಕ್ಕೇ ಹೇಳಿದ್ದು.

ಯೋಚನೆ ಮಾಡಿದರೆ ಮತ್ತೆ ಹೆದರುತ್ತೇನೆ ಎಂದು ನನಗೆ ಗೊತ್ತಿತ್ತು. ಅವರ ಮೇಜಿನ ಮೇಲೇ ಒಂದು ಬಿಳಿ ಹಾಳೆ ಎಳೆದುಕೊಂಡು ಬರೆದೆ. ಈ ಸಲ ಪದಗಳನ್ನು ಆರಿಸಲಿಲ್ಲ.

ಆಡಳಿತ ಮಂಡಳಿಯವರು ನನ್ನನ್ನು ಕರೆಸಿ ಒಂದು ಗಂಟೆ ನಿಲ್ಲಿಸಿ ಮಾತಾಡಿದರು. ಎಚ್ಚರಿಕೆಯ ಪತ್ರ ಕೊಟ್ಟರು. ಉಪನ್ಯಾಸಕರ ಹುದ್ದೆಗೆ ಬೇರೆಯವರು ಬಂದರು. ನಾನು ಇನ್ನೂ ನಾಲ್ಕು ವರ್ಷ ಡೆಮಾನ್‌ಸ್ಟ್ರೇಟರಾಗೇ ಉಳಿದೆ. ಅಟೆಂಡರನ್ನು ಮಾರ್ಚಿನಲ್ಲಿ ಬಿಡುಗಡೆ ಮಾಡಲಿಲ್ಲ. ನಿಂತ ಕಾಗದ ಮತ್ತೆ ಹೊರಟು, ಮಳೆಗಾಲದ ಹೊತ್ತಿಗೆ ಕಾಯಂ ಆದೇಶವಾಗಿ ಬಂತು.

ಪರೀಕ್ಷೆಯ ದಿನ ಇಪ್ಪತ್ತೆರಡು ಹುಡುಗರಿಗೆ ಇಪ್ಪತ್ತೆರಡು ಮೇಣದ ಕಾಳು, ಒಬ್ಬೊಬ್ಬರಿಗೆ ಒಂದು ಬೆಂಕಿಪೊಟ್ಟಣದಲ್ಲಿ. ಹೊರಗಿನಿಂದ ಬಂದ ಪರೀಕ್ಷಕರು ಒಂದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ, ಇದನ್ನು ಎಲ್ಲಿಂದ ತರಿಸಿದಿರಿ ಅಂದರು. ನಮ್ಮಲ್ಲೇ ಮಾಡಿದ್ದು ಅಂದೆ. ಹೊನ್ನಾಳಿಯ ಉಪನ್ಯಾಸಕರಿಗೆ, ಅವರು ಕೇಳಿಕೊಂಡಿದ್ದಂತೆ, ಬರೆದು ತಿಳಿಸಿದೆ. ಏಪ್ರಿಲ್‌ನಲ್ಲಿ ಜಗಳೂರಿನ ಒಂದು ಕಾಲೇಜಿನವರೂ ಕೇಳಿದರು. ಕಳಿಸಿದ ಮೊದಲ ಡಬ್ಬಿ ಅಲ್ಲಿನ ಬಿಸಿಲಿಗೆ ಮೆತ್ತಗಾಗಿ, ಕಾಳೆಲ್ಲ ಒಂದಕ್ಕೊಂದು ಅಂಟಿ ಉಂಡೆಯಾಗಿತ್ತಂತೆ. ಬೇಸಿಗೆಗೆ ಎರಡೇ ಹನಿ ಎಂದು ಆಕೆ ಹೇಳಿದ್ದನ್ನು ನಾನು ಮರೆತಿದ್ದೆ. ವ್ಯಾಸಲೀನ್ ಅರ್ಧಕ್ಕಿಳಿಸಿ ಮತ್ತೆ ಕಳಿಸಿದೆವು.

ಇಷ್ಟೆಲ್ಲ ಆದರೂ ನಾನು ಅಟೆಂಡರ ಹತ್ತಿರ ಬೂಚಿನ ವಿಷಯ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ತಪ್ಪಾಯಿತು ಅನ್ನಲು ಎಷ್ಟೋ ಸಲ ಬಾಯಿ ತೆರೆದು, "ಟೆಸ್ಟ್‌ಟ್ಯೂಬ್ ತೊಳೆದಾಯ್ತೇನ್ರೀ?" ಎಂದು ಕೇಳಿ ಬಂದಿದ್ದೇನೆ. ಕಾಗದದ ಮೇಲೆ ಬರೆಯುವುದು ಸುಲಭ, ಮುಖ ನೋಡಿ ಹೇಳುವುದು ಕಷ್ಟ.

ಮರುವರ್ಷದ ಆಯುಧಪೂಜೆ ಬಂತು. ಮೇಜಿನ ಮೇಲೆ ಬ್ಯೂರೆಟ್ಟುಗಳು, ತಕ್ಕಡಿ, ಇಕ್ಕಳ. ಮರಳಿನ ಬಕೆಟ್ಟುಗಳನ್ನು ಹೊರಗಿನಿಂದ ಮಾತ್ರ ಒರೆಸಿ, ಮರಳು ತುಂಬಿದಂತೆಯೇ ಇಟ್ಟಿದ್ದರು. ಸಾಲಿನ ಕೊನೆಗೆ ಮೇಣದ ಕಾಳುಗಳ ತಗಡಿನ ಡಬ್ಬಿ, ಮುಚ್ಚಳ ಪಕ್ಕದಲ್ಲಿ. ಎಲ್ಲದಕ್ಕೂ ಕುಂಕುಮ ಇಟ್ಟಿತ್ತು, ಅದೊಂದಕ್ಕೆ ಇಟ್ಟಿರಲಿಲ್ಲ. ಅಟೆಂಡರು ಕುಂಕುಮದ ಬಟ್ಟಲನ್ನು ಬಲಗೈಯಲ್ಲಿ ಹಿಡಿದು ಬಂದರು. ಬೆಂದ ಎರಡು ಬೆರಳು ಮಡಚುತ್ತಿರಲಿಲ್ಲ, ನೆಟ್ಟಗೆ ನಿಂತಿದ್ದವು.

"ಇದಕ್ಕೆ ನೀವೇ ಇಡ್ರಿ ಸಾರ್. ಹೋದ ವರ್ಷನೂ ನೀವೇ ಇಟ್ಟಿದ್ರಿ."

ಇಟ್ಟೆ. ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ.

"ಅದನ್ನ ನಾ ಮುಚ್ತೀನಿ, ಬಿಡ್ರಿ," ಅಂದರು ಅವರು, ನಗು ತಡೆದುಕೊಂಡು. "ನಿಮ್ದು ಕೈ ಜೋರು."

ನಾನು ಅಲ್ಲೇ, ಅಯ್ನೋರ ಮುಂದೆ, ಹುಡುಗರ ಮುಂದೆ, ಆ ಎರಡು ನೆಟ್ಟನೆಯ ಬೆರಳನ್ನು ಹಿಡಿದುಕೊಂಡು, "ತಪ್ಪಾಯ್ತು ಕಣ್ರೀ," ಅಂದೆ.

"ಹೂಂ, ಆತು ಬಿಡ್ರಿ," ಅಂದರು. "ಮಂಗಳಾರತಿ ಆಗ್ತೈತೆ, ಈ ಕಡೆ ಬರ್ರಿ."